ಆರ್ಚ್‌ಟಾಪ್ ಗಿಟಾರಿಗೆ ವೈಬ್ರಾಟೊ ಟೇಲ್‌ಪೀಸ್: ಗೆರೆ ತಪ್ಪದಂತೆ, ಶ್ರುತಿ ಕೆಡದಂತೆ

ಉಬ್ಬಿದ ಮೇಲ್ಹಲಗೆಯ, ಪೊಳ್ಳು ಒಡಲಿನ ಆರ್ಚ್‌ಟಾಪ್ ಗಿಟಾರಿಗೆ ವೈಬ್ರಾಟೊ ಟೇಲ್‌ಪೀಸ್, ಅಂದರೆ ತಂತಿಗಳ ಬುಡವನ್ನು ಹಿಡಿದು, ಹಿಡಿಕೆ ಒತ್ತಿದಾಗ ಸ್ವರವನ್ನು ಅಲುಗಿಸುವ ಸಲಕರಣೆ, ಕೂರಿಸಿಕೊಡಿ ಎಂದು ಬರುವವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಆಮೇಲೆ ಶ್ರುತಿ ನಿಲ್ಲುತ್ತದೆಯೇ?’ ನಿಲ್ಲುತ್ತದೆ, ಖಂಡಿತ ನಿಲ್ಲುತ್ತದೆ. ಗಿಟಾರ್ ದುರಸ್ತಿಯನ್ನೇ ವೃತ್ತಿ ಮಾಡಿಕೊಂಡ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ. ಶ್ರುತಿ ಕೆಟ್ಟಿತೆಂದು ಜನ ಬೈಯುವುದು ಟೇಲ್‌ಪೀಸನ್ನು. ಆದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಅದರದಲ್ಲ. ಬುಡದಿಂದ ಬಿರಡೆಯವರೆಗೆ ತಂತಿ ಸಾಗುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅದು ಕಚ್ಚಿಕೊಳ್ಳುತ್ತದೆ ಅಥವಾ ಓರೆಯಾಗುತ್ತದೆ. ಹೀಗಾಗಿ ಕೆಳಗೆ ಹೇಳುವ ಕೆಲಸದಲ್ಲಿ ಸ್ಕ್ರೂ ತಿರುಗಿಸುವುದು ಸಣ್ಣ ಭಾಗ. ಉಳಿದದ್ದೆಲ್ಲ ತಂತಿಗೆ ನೆಟ್ಟಗಿನ, ನುಣುಪಾದ ದಾರಿ ಮಾಡಿಕೊಡುವುದು.

ಈ ಟೇಲ್‌ಪೀಸಿನ ಮೂಲರೂಪ ಕ್ಯಾಲಿಫೋರ್ನಿಯಾದ ಪಾಲ್ ಬಿಗ್ಸ್‌ಬಿ ಅವರದು. ಮೋಟಾರ್‌ಸೈಕಲ್ ತಯಾರಿಕೆಯಲ್ಲಿ ಪಳಗಿದ್ದ ಅವರು ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಅವರ ಬೇಡಿಕೆಗೆ ಓಗೊಟ್ಟು ಇದನ್ನು ರೂಪಿಸಿದರು. 1950ರ ದಶಕದಲ್ಲಿ ಚೆಟ್ ಆಟ್ಕಿನ್ಸ್, ಡುವೇನ್ ಎಡ್ಡಿ ಮುಂತಾದ ವಾದಕರ ಗ್ರೆಚ್ ಕಂಪನಿಯ ಗಿಟಾರುಗಳಿಂದ ಇದರ ನಾದ ಎಲ್ಲರ ಕಿವಿಗೆ ಬಿತ್ತು. ಎರಕ ಹೊಯ್ದ ಅಲ್ಯೂಮಿನಿಯಂ ಚೌಕಟ್ಟು, ಬೇರಿಂಗ್‌ಗಳ ಮೇಲೆ ತಿರುಗುವ ಒಂದು ಉರುಳೆ, ಒಂದು ಸ್ಪ್ರಿಂಗ್, ಒಂದು ಹಿಡಿಕೆ: ಇಷ್ಟೇ ಅದರ ಯಂತ್ರ. ಇದರಿಂದ ಸಿಗುವುದು ನಯವಾದ ಅಲೆದಾಟ, ಹೆಚ್ಚೆಂದರೆ ಒಂದು ಪೂರ್ಣ ಸ್ವರದಷ್ಟು ಇಳಿತ. ತಂತಿ ಜೋತುಬೀಳುವಷ್ಟು ಇಳಿಸಬೇಕೆನ್ನುವವರು ಬೇರೆ ಬಗೆಯ ಗಿಟಾರನ್ನೇ ಹುಡುಕಿಕೊಳ್ಳಬೇಕು.

ಯಾವುದನ್ನು ಆರಿಸಬೇಕು

ಇಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಒಳಗೆ ನಡುದಿಮ್ಮಿ ಇಲ್ಲದ, ಪೂರ್ತಿ ಪೊಳ್ಳಾದ ಗಿಟಾರಿನ ಮೇಲ್ಹಲಗೆಗೆ ಟೇಲ್‌ಪೀಸಿಗಾಗಿ ಒಂದು ತೂತನ್ನೂ ಕೊರೆಯಬಾರದು. ಮೇಲ್ಹಲಗೆ ಕೆಲವೇ ಮಿಲಿಮೀಟರ್ ದಪ್ಪ. ಗಿಟಾರಿನ ದನಿ ಹುಟ್ಟುವುದೇ ಅದರಿಂದ. ಸ್ಕ್ರೂ ಹಿಡಿದು ನಿಲ್ಲುವಷ್ಟು ಮರ ಅಲ್ಲಿಲ್ಲ. ಬಿಗ್ಸ್‌ಬಿ ಬಿ6 ಮತ್ತು ಬಿ3 ಮಾದರಿಗಳಿಗೆ ಮೇಲ್ಹಲಗೆಯ ಸ್ಕ್ರೂ ಬೇಕಿಲ್ಲ; ಒಡಲಿನ ಬುಡದ ಅಂಚಿಗೆ ಕೂರುವ ಕೀಲುಫಲಕವೇ ಅವನ್ನು ಹಿಡಿದುಕೊಳ್ಳುತ್ತದೆ. ದಪ್ಪ ಒಡಲಿನವಕ್ಕೆ ಬಿ6, ತೆಳು ಒಡಲಿನವಕ್ಕೆ ಬಿ3 ಎಂಬುದು ಸಾಮಾನ್ಯ ಲೆಕ್ಕ. ಬಿ7ರಲ್ಲಿ ತಂತಿಗಳನ್ನು ಕೆಳಕ್ಕೆ ಅದುಮುವ ಅಡ್ಡಕಂಬಿ ಇದೆ, ಮುಂಭಾಗದಲ್ಲಿ ಮೇಲ್ಹಲಗೆಗೆ ಹೋಗುವ ಸ್ಕ್ರೂಗಳೂ ಇವೆ. ಅದು ಒಳಗೆ ಗಟ್ಟಿ ಮರವಿರುವ ಗಿಟಾರುಗಳಿಗೆ ತಕ್ಕದ್ದು. ‘ಎರಡೇ ಸ್ಕ್ರೂ, ಏನಾಗುತ್ತದೆ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಕೊಳ್ಳುವ ಮುನ್ನ ಎರಡು ಅಳತೆ ತೆಗೆದುಕೊಳ್ಳಿ. ಮೊದಲನೆಯದು ಒಡಲಿನ ಬುಡದ ಅಂಚಿನಿಂದ ಬ್ರಿಡ್ಜಿನವರೆಗಿನ, ಅಂದರೆ ಮೇಲ್ಹಲಗೆಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯವರೆಗಿನ, ದೂರ. ತಂತಿಯ ಉದ್ದ 628 ಮಿಲಿಮೀಟರ್ ಇರುವ ಗಿಟಾರಿಗೂ 648 ಇರುವುದಕ್ಕೂ ಬ್ರಿಡ್ಜಿನ ಜಾಗ ಬೇರೆ. ಚೌಕಟ್ಟಿನ ಮುಂತುದಿ ಬ್ರಿಡ್ಜಿಗೆ ತೀರ ಹತ್ತಿರವಾದರೆ ಹಿಡಿಕೆ ಆಡಲು ಜಾಗ ಉಳಿಯುವುದಿಲ್ಲ.

ಎರಡನೆಯದು ಎತ್ತರ. ಇದನ್ನು ಬಹಳ ಮಂದಿ ಕಡೆಗಣಿಸುತ್ತಾರೆ. ಉದ್ದನೆಯ, ನೆಟ್ಟಗಿನ ಉಕ್ಕಿನ ಅಳತೆಪಟ್ಟಿಯೊಂದನ್ನು ಫ್ರೆಟ್‌ಬೋರ್ಡಿನ (ಕತ್ತಿನ ಮೇಲೆ ಬೆರಳೊತ್ತುವ ಹಲಗೆಯ) ಮೇಲಿನ ತಂತಿಯ ಗೆರೆಯಲ್ಲೇ ಬ್ರಿಡ್ಜಿನ ಮೇಲಿಟ್ಟು ಹಿಂದಕ್ಕೆ ಚಾಚಿ. ಹೊಸ ಟೇಲ್‌ಪೀಸಿನ ಉರುಳೆ ಎಲ್ಲಿ ಬರುತ್ತದೆಯೋ ಅಲ್ಲಿ ಪಟ್ಟಿಯಿಂದ ಉರುಳೆಯ ನೆತ್ತಿಯವರೆಗೆ ಎಷ್ಟು ಇಳಿತವಿದೆ ನೋಡಿ. ಬ್ರಿಡ್ಜಿನಿಂದ 90 ಮಿಲಿಮೀಟರ್ ಹಿಂದೆ 16 ಮಿಲಿಮೀಟರ್ ಇಳಿತವಿದ್ದರೆ ತಂತಿ ಬ್ರಿಡ್ಜಿನ ಮೇಲೆ ಸುಮಾರು 10 ಡಿಗ್ರಿ ಬಾಗುತ್ತದೆ. ಇದನ್ನೇ ಮುಂದೆ ಬಾಗುಕೋನ ಎನ್ನುತ್ತೇನೆ. 11ರ ತಂತಿಸೆಟ್ಟಿನ (ಅತಿ ತೆಳು ತಂತಿ ಇಂಚಿನ ಸಾವಿರದಲ್ಲಿ 11 ಭಾಗ ದಪ್ಪವಿರುವ ಸೆಟ್ಟಿನ) ಒಟ್ಟು ಬಿಗಿತ ಹೆಚ್ಚುಕಡಿಮೆ 50 ಕಿಲೋಗ್ರಾಂ. 10 ಡಿಗ್ರಿಯಲ್ಲಿ ಅದರಿಂದ ಬ್ರಿಡ್ಜಿನ ಮೇಲೆ ಬೀಳುವ ಭಾರ ಸುಮಾರು 9 ಕಿಲೋ, 15 ಡಿಗ್ರಿಯಲ್ಲಿ 13 ಕಿಲೋ. ಭಾರ ಕಡಿಮೆಯಾದರೆ ತಂತಿ ಬ್ರಿಡ್ಜಿನ ಮೇಲ್ತುದಿಯ ಸ್ಯಾಡಲಿನಲ್ಲಿ ಗಿರಗಿರ ಎನ್ನುತ್ತದೆ, ಜೋರಾಗಿ ಮೀಟಿದಾಗ ಪಕ್ಕಕ್ಕೆ ಜಾರುತ್ತದೆ. ಹೆಚ್ಚಾದರೆ ಮೇಲ್ಹಲಗೆಯ ಉಸಿರು ಕಟ್ಟುತ್ತದೆ, ಜೊತೆಗೆ ಸ್ಯಾಡಲಿನಲ್ಲಿ ತಂತಿಯ ಓಡಾಟವೂ ಬಿಗಿಯಾಗುತ್ತದೆ. ವೈಬ್ರಾಟೊ ಇರುವ ಗಿಟಾರಿನಲ್ಲಿ 8ರಿಂದ 12 ಡಿಗ್ರಿ ನನಗೆ ಹಿಡಿಸಿದ ಅಳತೆ. ಕತ್ತು ತೀರ ಸಪಾಟಾಗಿ ಜೋಡಣೆಯಾಗಿ, ಬ್ರಿಡ್ಜು ಮೇಲ್ಹಲಗೆಗೆ ಅಂಟಿದಷ್ಟು ತಗ್ಗಿರುವ ಗಿಟಾರುಗಳಲ್ಲಿ ಈ ಕೋನ ಸಿಗುವುದೇ ಇಲ್ಲ. ಅಂಥ ಗಿಟಾರಿಗೆ ಟೇಲ್‌ಪೀಸ್ ಬದಲಿಸದಿರುವುದೇ ಒಳ್ಳೆಯದು.

ಒಳಗೆ ಏನಿದೆ

ಕೀಲುಫಲಕದ ಸ್ಕ್ರೂಗಳು ಹೋಗಬೇಕಾದದ್ದು ಬುಡದ ದಿಮ್ಮಿಗೆ, ಅಂದರೆ ಒಡಲಿನ ಎರಡು ಪಕ್ಕದ ಹಲಗೆಗಳು ಹಿಂದುಗಡೆ ಕೂಡುವಲ್ಲಿ ಒಳಗಿನಿಂದ ಅಂಟಿಸಿರುವ ಮರದ ತುಂಡಿಗೆ. ಪಕ್ಕದ ಹಲಗೆ ಒಂದೇ ಆದರೆ ಎರಡು ಮೂರು ಮಿಲಿಮೀಟರ್ ದಪ್ಪವಷ್ಟೇ; ಅದರಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಆದ್ದರಿಂದ ಮೇಲ್ಹಲಗೆಯಲ್ಲಿ ಎಫ್ ಆಕಾರಕ್ಕೆ ಕೊರೆದಿರುವ ಎಫ್-ರಂಧ್ರದಲ್ಲಿ ಸಣ್ಣ ದೀಪವೊಂದನ್ನು ಇಳಿಸಿ, ದಂತವೈದ್ಯರು ಬಳಸುವಂಥ ಹಿಡಿಗನ್ನಡಿಯನ್ನು ಬುಡದ ಕಡೆ ತಿರುಗಿಸಿ ನೋಡಿ. ದಿಮ್ಮಿ ಎಷ್ಟು ಅಗಲವಿದೆ, ಎಲ್ಲಿಗೆ ಮುಗಿಯುತ್ತದೆ, ಅಂಟು ಬಿಟ್ಟು ಸಂದು ಕಾಣುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಬುಡದ ಮೇಲೆ ಹೊರಗಿನಿಂದ ಬೆರಳ ಗೆಣ್ಣಿನಿಂದ ತಟ್ಟಿದರೂ ತಿಳಿಯುತ್ತದೆ: ದಿಮ್ಮಿ ಇರುವಲ್ಲಿ ಸದ್ದು ಮಂದ, ಇಲ್ಲದಲ್ಲಿ ಟೊಳ್ಳು. ಸದ್ದು ಬದಲಾಗುವ ಕಡೆ ಅಂಟುಪಟ್ಟಿಯ ಮೇಲೆ ಪೆನ್ಸಿಲ್ ಗುರುತು ಹಾಕಿಕೊಳ್ಳಿ. ಕೀಲುಫಲಕದ ಎಲ್ಲ ತೂತುಗಳೂ ಆ ಗುರುತುಗಳ ಒಳಗೆ ಬರಬೇಕು. ಸಂದು ಕಂಡರೆ ಮೊದಲು ಅಂಟು ಹಾಕಿ ಬಿಗಿದು ಒಣಗಿಸಿ, ಆಮೇಲೆ ಉಳಿದ ಮಾತು.

ಬಿಚ್ಚುವಾಗ

ಆರ್ಚ್‌ಟಾಪಿನ ಬ್ರಿಡ್ಜನ್ನು ಹಿಡಿದಿರುವುದು ಬರೀ ತಂತಿಗಳ ಒತ್ತಡ. ತಂತಿ ಸಡಿಲಿಸುವ ಮುಂಚೆ ಬ್ರಿಡ್ಜಿನ ಪೀಠದ ನಾಲ್ಕೂ ಬದಿಗೆ, ಮೆರುಗನ್ನು ಕೀಳದ ಹಗುರ ಅಂಟುಪಟ್ಟಿ ಹಚ್ಚಿ ಜಾಗ ಗುರುತಿಸಿ. ಯಾವ ಬದಿ ತೆಳು ತಂತಿಯ ಕಡೆ ಎಂಬುದನ್ನೂ ಬರೆದಿಡಿ. ಮರದ ಸ್ಯಾಡಲ್ ಆದರೆ ತಿರುವುಮುರುವು ಕೂರಿಸಿ ಸ್ವರಸ್ಥಾನವೆಲ್ಲ ಏರುಪೇರು ಮಾಡಿಕೊಂಡವರನ್ನು ನೋಡಿದ್ದೇನೆ.

ಗಿಟಾರಿನಲ್ಲಿ ಮೊದಲೇ ಇರುವ, ಹಿಡಿಕೆಯಿಲ್ಲದ ಹಳೆಯ ಟ್ರಪೀಜ್ ಟೇಲ್‌ಪೀಸಿನ ಸ್ಕ್ರೂ ತೆಗೆಯುವಾಗ ನಿಧಾನ. ಫಲಕವನ್ನು ಮೆಲ್ಲಗೆ ಎತ್ತಿ, ಅದರಡಿಯಲ್ಲಿ ಸಣ್ಣ ತೂತಿನಿಂದ ಹೊರಬಂದಿರುವ ತೆಳು ತಾಮ್ರದ ತಂತಿಗಾಗಿ ನೋಡಿ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನ) ಇರುವ ಗಿಟಾರಿನಲ್ಲಿ ಅದು ಭೂಸಂಪರ್ಕದ ತಂತಿ: ಕೇಬಲ್ ಸಿಕ್ಕಿಸುವ ಜಾಕಿನ ಹೊರಕವಚದಿಂದ ಬಂದು ಟೇಲ್‌ಪೀಸಿನ ಮೂಲಕ ವಾದ್ಯದ ತಂತಿಗಳನ್ನು ಮುಟ್ಟುತ್ತದೆ. ಅದು ಒಡಲಿನೊಳಕ್ಕೆ ಜಾರಿಹೋದರೆ ಹಿಡಿದು ತರುವುದು ಬಲು ತ್ರಾಸು. ಕಂಡ ಕೂಡಲೇ ಅದರ ತುದಿಯನ್ನು ಮಡಚಿ ಅಂಟುಪಟ್ಟಿಯಿಂದ ಪಕ್ಕದ ಹಲಗೆಗೆ ಅಂಟಿಸಿಬಿಡಿ. ಬೇರೆಲ್ಲೋ ಟೇಲ್‌ಪೀಸ್ ಹಾಕಿಸಿದ್ದ ಗಿಟಾರೊಂದನ್ನು ವಾದಕರೊಬ್ಬರು ನನ್ನಲ್ಲಿಗೆ ತಂದಿದ್ದರು. ತಂತಿ ಮುಟ್ಟಿದರೂ ಬಿಟ್ಟರೂ ಒಂದೇ ಸಮ ಗುಂಯ್‌ಗುಡುತ್ತಿತ್ತು. ಪಿಕಪ್ ಹಾಳಾಗಿದೆ, ಬದಲಿಸಬೇಕು ಎಂದು ಅವರಿಗೆ ಹೇಳಿ ಕಳಿಸಿದ್ದರಂತೆ. ಕನ್ನಡಿ ಇಳಿಸಿ ನೋಡಿದರೆ ಆ ತಾಮ್ರದ ಎಳೆ ಬುಡದ ದಿಮ್ಮಿಯ ಹಿಂದೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಪಿಕಪ್ ಆರೋಗ್ಯವಾಗಿಯೇ ಇತ್ತು.

ನಡುಗೆರೆ

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ಒಡಲಿನ ಬುಡದಲ್ಲಿ ಪಕ್ಕದ ಹಲಗೆಗಳು ಕೂಡುವ ಗೆರೆಯನ್ನೇ ನಡು ಎಂದುಕೊಂಡು ತೂತು ಕೊರೆದರೆ ಕೆಟ್ಟಿರಿ. ಆ ಗೆರೆ ತಂತಿಗಳ ನಡುಗೆರೆಗೆ ಸರಿಯಾಗಿರಬಹುದು, ಇಲ್ಲದಿರಬಹುದು. ಹೆಗಲಪಟ್ಟಿ ಸಿಕ್ಕಿಸುವ ಗುಂಡಿ ಇರುವ ತೂತೂ ಅಷ್ಟೇ. ಕತ್ತು ಒಂದೇ ಒಂದು ಕೂದಲೆಳೆಯಷ್ಟು ಓರೆಯಾಗಿ ಕೂತಿದ್ದರೂ ಬುಡಕ್ಕೆ ಬರುವ ಹೊತ್ತಿಗೆ ಅದು ಎರಡು ಮೂರು ಮಿಲಿಮೀಟರ್ ಆಗಿರುತ್ತದೆ. ಬುಡ ಓರೆಯಾದರೆ ತಂತಿಗಳು ಬಿಡಿಯಾಗಿ ನಿಂತಿರುವ ಬ್ರಿಡ್ಜನ್ನು ದಿನದಿನವೂ ಆ ಕಡೆಗೇ ಎಳೆಯುತ್ತವೆ. ಹಿಡಿಕೆ ಒತ್ತಿದಾಗೆಲ್ಲ ಎಳೆತ ಇನ್ನಷ್ಟು. ಕೊನೆಗೆ ತೆಳು ತಂತಿ ಫ್ರೆಟ್‌ಬೋರ್ಡಿನ ಅಂಚಿನಿಂದ ಕೆಳಕ್ಕೆ ಜಾರತೊಡಗುತ್ತದೆ.

ನಡು ಎಲ್ಲಿದೆ ಎಂಬುದನ್ನು ತಂತಿಗಳಿಂದಲೇ ಹೇಳಿಸಬೇಕು. ಕೀಲುಫಲಕವನ್ನು ಪಟ್ಟಿಯ ಗುಂಡಿಯ ಸ್ಕ್ರೂ ಒಂದರಿಂದಲೇ, ಪೂರ್ತಿ ಬಿಗಿಯದೆ, ನಿಲ್ಲಿಸಿ. ಬ್ರಿಡ್ಜನ್ನು ಗುರುತಿನ ಮೇಲಿಡಿ. ಹೊರಗಿನ ಎರಡು ತಂತಿಗಳನ್ನು, ಅಂದರೆ ಅತಿ ದಪ್ಪದ್ದನ್ನು ಮತ್ತು ಅತಿ ತೆಳ್ಳಗಿನದನ್ನು ಮಾತ್ರ, ಜೋಲು ಹೋಗುವಷ್ಟೇ ಹಗುರವಾಗಿ ಎಳೆದು ಕಟ್ಟಿ. ಒಂದೇ ಸ್ಕ್ರೂ ಹಿಡಿದಿರುವುದರಿಂದ ಇಲ್ಲಿ ಶ್ರುತಿಯ ಮಟ್ಟಕ್ಕೆ ಬಿಗಿಯಲೇಬಾರದು. ಈಗ ಚೌಕಟ್ಟು ಎಳೆತಕ್ಕೆ ತಕ್ಕಂತೆ ತಾನೇ ಒಂದಿಷ್ಟು ತಿರುಗಿ ನಿಲ್ಲುತ್ತದೆ. ಕೊನೆಯ ಫ್ರೆಟ್ಟಿನ ಮೇಲೆ ಎರಡೂ ತಂತಿಗಳಿಂದ ಫ್ರೆಟ್‌ಬೋರ್ಡಿನ ಅಂಚಿಗೆ ಇರುವ ಅಂತರ ಅಳೆಯಿರಿ. ಎರಡೂ ಬದಿ ಸಮ ಇದ್ದರೆ ಸರಿ. ಪಿಕಪ್ಪಿನ ಕಂಬಗಳ ಮೇಲೆ ತಂತಿ ಹಾಯುವುದನ್ನೂ ನೋಡಿ, ಆದರೆ ಕೊನೆಯ ತೀರ್ಪು ಫ್ರೆಟ್‌ಬೋರ್ಡಿನದು. ಪಿಕಪ್ ತಯಾರಕರು ತಂತಿಗಳ ನಡುವಿನ ಅಂತರವನ್ನು ತಮ್ಮದೇ ಲೆಕ್ಕದಲ್ಲಿ ಇಟ್ಟಿರುತ್ತಾರೆ.

ಬಳಿಕ ಗಿಟಾರಿನ ಬುಡದ ಕಡೆ ನಿಂತು, ಒಂದು ಕಣ್ಣು ಮುಚ್ಚಿ, ಎರಡೂ ತಂತಿಗಳ ಉದ್ದಕ್ಕೂ ನೋಟ ಹಾಯಿಸಿ. ಬ್ರಿಡ್ಜಿನ ಹಿಂದೆ ತಂತಿ ಪಕ್ಕಕ್ಕೆ ಮುರಿದಂತೆ ಕಂಡರೆ ಚೌಕಟ್ಟನ್ನು ಕೈಯಿಂದ ಆಚೀಚೆ ಸರಿಸಿ ಸಮ ಮಾಡಿ. ಈಗಿರುವ ಗುಂಡಿಯ ತೂತೇ ನಡುವಿನಿಂದ ದೂರವಿದ್ದರೆ ಅದನ್ನು ಗಟ್ಟಿ ಮರದ ಬೆಣೆಯಿಂದ ಅಂಟು ಹಾಕಿ ಮುಚ್ಚಿ, ರಾತ್ರಿಯಿಡೀ ಒಣಗಿಸಿ, ಹೊಸ ತೂತು ಕೊರೆಯುವುದೇ ಸರಿ. ಹಲ್ಲುಕಡ್ಡಿ ತುರುಕಿ ಮುಗಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಈ ತೂತಿನ ಮೇಲೆ 50 ಕಿಲೋ ಎಳೆತ ಹಗಲೂ ರಾತ್ರಿ ಇರುತ್ತದೆ.

ಎಲ್ಲ ಸಮನಾದ ಮೇಲೆ ಫಲಕದ ಉಳಿದ ಪ್ರತಿ ತೂತಿನ ನಟ್ಟನಡುವೆ ಚೂಪು ಮೊಳೆಯಿಂದ ಚುಕ್ಕೆ ಒತ್ತಿ. ತಂತಿ ಸಡಿಲಿಸಿ ಫಲಕ ತೆಗೆಯಿರಿ.

ಕೊರೆಯುವುದು

ಸ್ಕ್ರೂವಿನ ಎಳೆಗಳನ್ನು ಬಿಟ್ಟು ಒಳಗಿನ ದಿಂಡಿನ ವ್ಯಾಸವನ್ನು ಕ್ಯಾಲಿಪರ್‌ನಿಂದ ಅಳೆಯಿರಿ. ಡ್ರಿಲ್ ಮೊನೆ ಅಷ್ಟೇ ಇರಬೇಕು. ಮೂರೂವರೆ ಮಿಲಿಮೀಟರಿನ ಸ್ಕ್ರೂ ಆದರೆ ಸುಮಾರು ಎರಡೂವರೆಯ ಮೊನೆ. ಆಳ ಮೀರದಂತೆ ಮೊನೆಗೆ ಅಂಟುಪಟ್ಟಿಯ ಸಣ್ಣ ಬಾವುಟ ಸುತ್ತಿ. ಮೆರುಗು ಚಕ್ಕೆಯೇಳದಂತೆ ಮೊದಲು ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿ ಮೆರುಗಿನ ಪದರವನ್ನು ಸವೆಸಿ, ಮರ ಸಿಕ್ಕಿದ ಮೇಲೆ ಮುಮ್ಮುಖ ಮಾಡಿ. ತೂತಿನ ಬಾಯಿಯನ್ನು ಕೈಯಿಂದಲೇ ಸ್ವಲ್ಪ ಅಗಲಿಸಿದರೆ ಸ್ಕ್ರೂವಿನ ಎಳೆ ಮೆರುಗನ್ನು ಎತ್ತುವುದಿಲ್ಲ. ಸ್ಕ್ರೂಗೆ ಮೇಣ ಸವರಿ, ಕೈ ಸ್ಕ್ರೂಡ್ರೈವರಿನಿಂದ ಬಿಗಿಯಿರಿ. ವಿದ್ಯುತ್ ಯಂತ್ರ ಇಲ್ಲಿ ಬೇಡ.

ಫಲಕ ಮಡಚುವ ಕಡೆ ಅದು ಒಡಲಿನ ಅಂಚುಪಟ್ಟಿಯನ್ನು ಕೊರೆಯಬಾರದು. ಫಲಕಕ್ಕೂ ಅಂಚಿಗೂ ನಡುವೆ ತೆಳು ಚರ್ಮದ ಪಟ್ಟಿ ಇಟ್ಟರೆ ಎಷ್ಟು ವರ್ಷವಾದರೂ ಗುರುತು ಬೀಳುವುದಿಲ್ಲ. ಚೌಕಟ್ಟಿನ ಮುಂಭಾಗ ಮೇಲ್ಹಲಗೆಯನ್ನು ಮುಟ್ಟುವಂತಿದ್ದರೆ ಅಲ್ಲಿಗೆ ಫೆಲ್ಟ್ ತುಂಡು ಅಂಟಿಸಿ. ಚೌಕಟ್ಟನ್ನು ಮಾತ್ರ ಬಗ್ಗಿಸಲು ಹೋಗಬೇಡಿ. ಎರಕದ ಅಲ್ಯೂಮಿನಿಯಂ ಬಗ್ಗುವುದಿಲ್ಲ, ಬಿರಿಯುತ್ತದೆ.

ಫಲಕವನ್ನು ಕೊನೆಯ ಸಲ ಬಿಗಿಯುವ ಮುನ್ನ ಭೂಸಂಪರ್ಕದ ತಂತಿಯ ನೆನಪಿರಲಿ. ಎರಡು ಸೆಂಟಿಮೀಟರಿನಷ್ಟು ಹೊದಿಕೆ ಸುಲಿದು, ಎಳೆಗಳನ್ನು ಬೀಸಣಿಗೆಯಾಗಿ ಹರಡಿ, ಚರ್ಮದ ಪಟ್ಟಿ ಅಡ್ಡ ಬರದ ಕಡೆ ಫಲಕದ ಅಡಿಯಲ್ಲಿ ಚಪ್ಪಟೆಯಾಗಿ ಹಾಸಿ. ಬಿಗಿದ ಮೇಲೆ ಮಲ್ಟಿಮೀಟರಿನ ಒಂದು ಮೊನೆಯನ್ನು ಉರುಳೆಗೆ, ಇನ್ನೊಂದನ್ನು ಜಾಕಿನ ಹೊರಕವಚಕ್ಕೆ ಹಿಡಿಯಿರಿ. ಒಂದೆರಡು ಓಮ್‌ನೊಳಗೆ ತೋರಿಸಬೇಕು. ಫಲಕದ ಮೇಲೆ ಸಂಪರ್ಕವಿದ್ದು ಉರುಳೆಯಲ್ಲಿ ಇಲ್ಲದಿದ್ದರೆ ಕೀಲಿನ ಕಡೆ ಬಣ್ಣವೋ ಮೆರುಗೋ ಅಡ್ಡ ಬಂದಿರುತ್ತದೆ. ಕಾಣದ ಜಾಗದಲ್ಲಿ ಸ್ವಲ್ಪ ಕೆರೆಯಿರಿ.

ತಂತಿ ಕಟ್ಟುವುದು

ಮೊದಲ ಸಲ ಕಟ್ಟುವವರ ತಾಳ್ಮೆ ಕೆಡುವುದು ಇಲ್ಲಿಯೇ. ತಂತಿಯ ತುದಿಯ ಗುಂಡನ್ನು ಉರುಳೆಯ ಮೇಲಿನ ಸಣ್ಣ ಗೂಟಕ್ಕೆ ಸಿಕ್ಕಿಸಬೇಕು. ಅಲ್ಲಿಂದ ತಂತಿ ಉರುಳೆಯ ಅಡಿಯಿಂದ ಹಿಂದಕ್ಕೆ ಹೋಗಿ, ಬಾವಿಯ ರಾಟೆಯ ಮೇಲೆ ಹಗ್ಗ ಹಾದಂತೆ ನೆತ್ತಿಯ ಮೇಲಿಂದ ಬ್ರಿಡ್ಜಿನ ಕಡೆ ಬರಬೇಕು. ಹಿಡಿಕೆಯನ್ನು ಒತ್ತಿದಾಗ ಉರುಳೆಯ ನೆತ್ತಿ ಬ್ರಿಡ್ಜಿನ ಕಡೆ ತಿರುಗಿ ತಂತಿ ಸಡಿಲಾಗುತ್ತದೆ. ತಂತಿ ಅಡಿಯಿಂದಲೇ ನೇರ ಬ್ರಿಡ್ಜಿಗೆ ಹೋದರೆ ಎಲ್ಲ ತಲೆಕೆಳಗು.

ಬಿರಡೆ ತಿರುಗಿಸುವಷ್ಟರಲ್ಲಿ ಗುಂಡು ಗೂಟದಿಂದ ಕಳಚಿ ಬೀಳುವುದು ಎಲ್ಲರ ದೂರು. ಅದಕ್ಕೆ ಪರಿಹಾರ ಸುಲಭ. ತಂತಿಯನ್ನು ಗಿಟಾರಿಗೆ ತರುವ ಮೊದಲೇ ಗುಂಡಿನಿಂದ ಮೂರು ನಾಲ್ಕು ಸೆಂಟಿಮೀಟರ್‌ವರೆಗಿನ ಭಾಗವನ್ನು ಪೆನ್ಸಿಲಿನ ಸುತ್ತ ಬಗ್ಗಿಸಿ ಕೊಕ್ಕೆಯ ಆಕಾರ ಕೊಡಿ. ಮುರುಕು ಮೂಲೆ ಬರಬಾರದು, ದುಂಡಗಿರಬೇಕು. ಗುಂಡು ಸಿಕ್ಕಿಸಿದ ಮೇಲೆ ಉರುಳೆಯ ಅಡಿಗೆ ಸ್ಪಂಜಿನ ತುಂಡೊಂದನ್ನು ತುರುಕಿದರೆ ಅದು ಗುಂಡನ್ನು ಒತ್ತಿ ಹಿಡಿಯುತ್ತದೆ. ಆ ಕಡೆ ಮೊದಲ ಫ್ರೆಟ್ಟಿನಲ್ಲಿ ತಂತಿಗಳನ್ನು ಅದುಮಿ ಹಿಡಿಯುವ ಕ್ಯಾಪೊ ಹಾಕಿ ತಂತಿಯನ್ನು ನಿಲ್ಲಿಸಿಕೊಂಡರೆ ಬಿರಡೆಗೆ ಸುತ್ತಲು ಎರಡೂ ಕೈ ಬಿಡುವಾಗುತ್ತವೆ. ಬಿರಡೆಯ ಮೇಲೆ ಎರಡು ಸುತ್ತಿಗಿಂತ ಹೆಚ್ಚು ಬೇಡ, ಸುತ್ತುಗಳು ಒಂದರ ಮೇಲೊಂದು ಏರಲೂಬಾರದು. ಬೀಗವಿರುವ ಬಿರಡೆಗಳಿದ್ದರೆ ಈ ಗೋಜೇ ಇಲ್ಲ.

ಆರೂ ತಂತಿ ಏರಿಸಿ ಅರ್ಧ ಬಿಗಿತದಲ್ಲಿ ಒಮ್ಮೆ ನಿಂತು ಬ್ರಿಡ್ಜು ನೇರವಾಗಿದೆಯೇ ನೋಡಿ; ಬಿಗಿಯುತ್ತ ಹೋದಂತೆ ಅದು ಕತ್ತಿನ ಕಡೆ ವಾಲುತ್ತದೆ. ಎರಡೂ ಹೆಬ್ಬೆರಳಿನಿಂದ ಹಿಂದಕ್ಕೆ ನೆಟ್ಟಗೆ ಮಾಡಿ, ಮತ್ತೆ ಬಿಗಿಯಿರಿ.

ಬ್ರಿಡ್ಜು, ನಟ್ಟು ಮತ್ತು ಶ್ರುತಿ

ಹಿಡಿಕೆಯಿಂದ ಒಂದು ಪೂರ್ಣ ಸ್ವರ ಇಳಿಸಿದಾಗ ಅತಿ ತೆಳು ತಂತಿ ಬ್ರಿಡ್ಜಿನ ಮೇಲೆ ಹೋಗಿಬರುವ ದೂರ ಸುಮಾರು ಒಂದು ಮಿಲಿಮೀಟರ್. ನಟ್ಟಿನಲ್ಲಿ, ಅಂದರೆ ಕತ್ತಿನ ತುದಿಯಲ್ಲಿ ತಂತಿಗಳು ಬಿರಡೆಯ ಕಡೆ ಹಾಯುವ ಕಚ್ಚುಪಟ್ಟಿಯಲ್ಲಿ, ಅದೇ ತಂತಿಯ ಚಲನೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಕಣ್ಣಿಗೇ ಕಾಣದಷ್ಟು. ಆದರೆ ಆ ಹತ್ತನೇ ಒಂದು ಭಾಗ ವಾಪಸು ಬರದೆ ಅಲ್ಲೇ ಸಿಕ್ಕಿಕೊಂಡರೆ ಶ್ರುತಿ 10 ಸೆಂಟ್‌ಗಿಂತ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಹೆಚ್ಚು ಬದಲಾಗುತ್ತದೆ, ಕಿವಿಯುಳ್ಳ ಯಾರಿಗೂ ತಿಳಿಯುವಷ್ಟು.

ತಂತಿ ಎಲ್ಲಿ ಸಿಕ್ಕಿಕೊಂಡಿದೆ ಎಂದು ಊಹಿಸಬೇಕಾಗಿಲ್ಲ; ಅದೇ ಹೇಳುತ್ತದೆ. ಟ್ಯೂನರ್ ಎದುರಿಗಿಟ್ಟುಕೊಂಡು ಶ್ರುತಿ ಮಾಡಿ, ಹಿಡಿಕೆಯನ್ನು ನಿಧಾನವಾಗಿ ಕೆಳಗೊತ್ತಿ, ತಾನಾಗಿ ಮೇಲೇಳಲು ಬಿಡಿ. ಸ್ವರ ಮೊದಲಿಗಿಂತ ಏರಿ ನಿಂತರೆ ತಂತಿ ನಟ್ಟಿನಲ್ಲಿ ಕಚ್ಚಿಕೊಂಡಿದೆ: ಸಡಿಲಾದಾಗ ಬಿರಡೆಯ ಕಡೆ ಸರಿದ ತಂತಿ ಮರಳಿ ಬಂದಿಲ್ಲ. ಸ್ವರ ಇಳಿದು ನಿಂತರೆ ಅಡ್ಡಿ ಬ್ರಿಡ್ಜಿನಲ್ಲಿದೆ: ಕತ್ತಿನ ಕಡೆ ಜಾರಿದ ತಂತಿ ಹಿಂದಕ್ಕೆ ಹೋಗಿಲ್ಲ. ಒಂದೇ ತಂತಿ ಕೆಟ್ಟರೆ ಅದು ಕೂರುವ ಕಚ್ಚಿನ, ಅಂದರೆ ಸಣ್ಣ ಸೀಳಿನ, ದೋಷ. ಆರೂ ಒಟ್ಟಿಗೆ ಕೆಟ್ಟರೆ ಬ್ರಿಡ್ಜಿನ ಪೀಠವೇ ಸರಿದಿದೆ. ಈ ಒಂದು ಪರೀಕ್ಷೆ ಗೊತ್ತಿದ್ದರೆ ಸಾಕು, ದುಡ್ಡು ಸುರಿದು ಬೇಡದ ಬಿಡಿಭಾಗ ಕೊಳ್ಳುವುದು ತಪ್ಪುತ್ತದೆ.

ನಟ್ಟಿನ ಕಚ್ಚು ತಂತಿಗಿಂತ ಕೂದಲಿನಷ್ಟು ಅಗಲವಿರಬೇಕು. ತಳ ದುಂಡಗಿದ್ದು ಬಿರಡೆಯ ಕಡೆಗೆ ಇಳಿಜಾರಾಗಿರಬೇಕು. ಎರಡೂ ಬದಿಗೆ ಮೂರು ಮೂರು ಬಿರಡೆಯಿರುವ ತಲೆಯಲ್ಲಿ ನಡುವಿನ ಎರಡು ತಂತಿಗಳು, ಡಿ ಮತ್ತು ಜಿ, ನಟ್ಟು ದಾಟಿದ ಕೂಡಲೇ ಪಕ್ಕಕ್ಕೆ ಹೊರಳುತ್ತವೆ. ತೊಂದರೆ ಕೊಡುವುದು ಹೆಚ್ಚಾಗಿ ಅವೇ. ಶ್ರುತಿ ಮಾಡುವಾಗ ‘ಟಿಂಗ್’ ಎಂಬ ಸಣ್ಣ ಸದ್ದು ಬಂದು ಸ್ವರ ಹಾರಿದರೆ ಅದು ಕಚ್ಚಿನೊಳಗಿಂದ ತಂತಿ ಬಿಡಿಸಿಕೊಂಡ ಸದ್ದು. ಆ ಕಚ್ಚಿಗೆ ತಕ್ಕ ಅಳತೆಯ ಅರದಿಂದ ಹೊರಳುವ ದಿಕ್ಕಿಗೆ ಎರಡು ಮೂರು ಸಲ ಹಗುರವಾಗಿ ಎಳೆಯಿರಿ. ಆಳ ಹೆಚ್ಚಿಸಬೇಡಿ, ಗೋಡೆಯನ್ನಷ್ಟೇ ಸವರಿ. ನುಣುಪು ಕಾಗದದಿಂದ ಹೊಳಪು ಕೊಟ್ಟು, ಮೆದು ಪೆನ್ಸಿಲಿನ ಗ್ರಾಫೈಟ್ ಉದುರಿಸಿ. ಗ್ರಾಫೈಟ್ ಒಂದರಿಂದಲೇ ಎಲ್ಲ ಸರಿಯಾಗುತ್ತದೆ ಎಂಬ ಮಾತು ನಂಬಬೇಡಿ; ಬಿಗಿಯಾದ ಕಚ್ಚಿಗೆ ಪುಡಿ ಹಾಕಿ ಫಲವಿಲ್ಲ.

ಬ್ರಿಡ್ಜಿಗೆ ಎರಡು ದಾರಿ. ತಂತಿ ಸ್ಯಾಡಲಿನ ಮೇಲೆ ಜಾರಬೇಕು, ಇಲ್ಲವೇ ಬ್ರಿಡ್ಜು ತಂತಿಯೊಂದಿಗೆ ತೂಗಿ ಮರಳಬೇಕು. ಅರ್ಧ ಜಾರಿ ಅರ್ಧ ತೂಗುವುದು ಮಾತ್ರ ಆಗದು. ತಂತಿಯೊಂದಿಗೆ ಸಣ್ಣಗೆ ವಾಲಿ ಮರಳುವ, ಒಂದೇ ತುಂಡಿನ ಲೋಹದ ಬ್ರಿಡ್ಜು ನನಗೆ ಅಚ್ಚುಮೆಚ್ಚು. ಅದರಲ್ಲಿ ಅಲುಗುವ ಬಿಡಿಭಾಗಗಳಿಲ್ಲ, ನಾದ ತುಂಬಿ ಬರುತ್ತದೆ. ಅದರ ಸ್ವರಸ್ಥಾನದ ಮೆಟ್ಟಿಲುಗಳು ಮೊದಲೇ ಎರಕದಲ್ಲಿ ಬಂದಿರುವುದರಿಂದ ಅವು ನಿಮ್ಮ ತಂತಿಸೆಟ್ಟಿಗೆ, ಮುಖ್ಯವಾಗಿ ಮೂರನೆಯ ತಂತಿ ಸುರುಳಿ ಸುತ್ತಿದ್ದೋ ಬರಿಯದೋ ಎಂಬುದಕ್ಕೆ, ಹೊಂದುತ್ತವೆಯೇ ನೋಡಿ. ಉರುಳುಗಾಲಿಗಳ ಬ್ರಿಡ್ಜೂ ಕೆಲಸ ಮಾಡುತ್ತದೆ. ಆದರೆ ಅಗ್ಗದ್ದರಲ್ಲಿ ಗಾಲಿಗಳು ಕಿರಿಕಿರಿ ಸದ್ದು ಮಾಡುತ್ತವೆ. ಈಗಿರುವ ಬ್ರಿಡ್ಜಿನ ಕಚ್ಚುಗಳಿಗೆ ಹೊಳಪು ಕೊಟ್ಟೇ ಎಷ್ಟೋ ಗಿಟಾರುಗಳನ್ನು ಸರಿ ಮಾಡಬಹುದು, ಹೊಸದು ಕೊಳ್ಳುವ ಮುಂಚೆ ಅದನ್ನು ಪ್ರಯತ್ನಿಸಿ.

ಪೀಠ ಮಾತ್ರ ಯಾವ ಕಾರಣಕ್ಕೂ ಸರಿಯಬಾರದು. ಮೊದಲು ಅದರ ಅಡಿ ಮೇಲ್ಹಲಗೆಯ ಉಬ್ಬಿಗೆ ಸರಿಯಾಗಿ ಕೂರುತ್ತದೆಯೇ ಪರೀಕ್ಷಿಸಿ: ತೆಳು ಕಾಗದದ ತುಂಡನ್ನು ಸುತ್ತಲೂ ತೂರಿಸಿ ನೋಡಿ, ಎಲ್ಲೂ ಒಳಹೋಗಬಾರದು. ಹೋದರೆ ಮೇಲ್ಹಲಗೆಯ ಮೇಲೆ ಮರಳುಕಾಗದವನ್ನು ಮುಖ ಮೇಲಾಗಿ ಅಂಟಿಸಿ, ಪೀಠವನ್ನು ಅದೇ ಜಾಗದಲ್ಲಿ ಹಿಂದೆ ಮುಂದೆ ಉಜ್ಜಿ ಉಬ್ಬಿಗೆ ಹೊಂದಿಸಿ. ಹೊಂದಿದ ಪೀಠ ಅರ್ಧ ಗೆದ್ದಂತೆ. ಅಷ್ಟಾದರೂ ಜಾರಿದರೆ ಅಡಿಗೆ ಒಂದು ಚಿಟಿಕೆ ರಾಳದ ಪುಡಿ, ಅಥವಾ ಎರಡೂ ಬದಿ ಅಂಟುವ ತೆಳು ಪಟ್ಟಿ. ಮೊಳೆ ಹೊಡೆದು ಪೀಠವನ್ನು ನೆಡುವವರಿದ್ದಾರೆ, ಕಾರ್ಖಾನೆಯಲ್ಲೇ ಹಾಗೆ ನೆಟ್ಟು ಬರುವ ಗಿಟಾರುಗಳೂ ಇವೆ. ನೆಡುವುದಾದರೆ ತಂತಿಸೆಟ್ಟು ಯಾವುದೆಂದು ನಿಶ್ಚಯಿಸಿ, ಸ್ವರಸ್ಥಾನ ಸರಿಪಡಿಸಿದ ಮೇಲೆಯೇ ನೆಡಿ. ಸ್ವರಸ್ಥಾನ ನೋಡುವ ಬಗೆ ಎಂದಿನಂತೆ: 12ನೆಯ ಫ್ರೆಟ್ಟಿನಲ್ಲಿ ಒತ್ತಿ ನುಡಿಸಿದ ಸ್ವರವೂ ಅಲ್ಲೇ ಹಗುರ ಸ್ಪರ್ಶದಿಂದ ಬರುವ ಸ್ವರವೂ ಒಂದಾಗಬೇಕು. ಒತ್ತಿದ್ದು ಏರಿದ್ದರೆ ಬ್ರಿಡ್ಜನ್ನು ಬುಡದ ಕಡೆ, ಇಳಿದಿದ್ದರೆ ಕತ್ತಿನ ಕಡೆ ಸರಿಸಿ.

ಸ್ಪ್ರಿಂಗ್ ಮತ್ತು ಹಿಡಿಕೆ

ಸಾಮಾನ್ಯ ಸ್ಪ್ರಿಂಗಿನ ಎತ್ತರ ಸುಮಾರು 22 ಮಿಲಿಮೀಟರ್. ಶ್ರುತಿಗೆ ಬಂದ ಮೇಲೆ ಹಿಡಿಕೆ ತೀರ ತಗ್ಗಿ ವಾಲ್ಯೂಮ್ ಗುಂಡಿಗೋ ಪಿಕ್‌ಗಾರ್ಡಿಗೋ ತಾಗುವಂತಿದ್ದರೆ ಸ್ಪ್ರಿಂಗಿನ ಅಡಿಯ ವಾಷರ್ ಜೊತೆ ಇನ್ನೊಂದು ಸೇರಿಸಿ, ಅಥವಾ ಸ್ವಲ್ಪ ಎತ್ತರದ ಸ್ಪ್ರಿಂಗ್ ಹಾಕಿ. ಕಿರುಬೆರಳು ಚಾಚಿದರೆ ತುದಿ ಸಿಗುವ ಎತ್ತರದಲ್ಲಿ ಹಿಡಿಕೆ ಇದ್ದರೆ ಕೈ ಎತ್ತದೆಯೇ ಕಂಪನ ತರಬಹುದು. ಸ್ಪ್ರಿಂಗನ್ನು ಬದಲಿಸಲು ತಂತಿಗಳನ್ನು ಪೂರ್ತಿ ಬಿಚ್ಚಬೇಕಿಲ್ಲ, ಸಡಿಲಿಸಿ ಹಿಡಿಕೆಯನ್ನು ಮೇಲೆತ್ತಿದರೆ ಅದು ಹೊರಬರುತ್ತದೆ. ಹಾರಿಹೋಗದಂತೆ ಅಂಗೈ ಅಡ್ಡ ಹಿಡಿಯಿರಿ.

ಆರೂ ತಂತಿಗಳು ಒಂದೇ ಅಳತೆಯಲ್ಲಿ ಇಳಿಯುವುದಿಲ್ಲ. ಬರಿ ಉಕ್ಕಿನ ಮೂರನೆಯ ತಂತಿ ಎಲ್ಲಕ್ಕಿಂತ ಹೆಚ್ಚು ಓಲಾಡುತ್ತದೆ. ಮೇಳಸ್ವರಗಳನ್ನು ಹಿಡಿದು ಹಿಡಿಕೆ ಒತ್ತುವವರು ಮೂರನೆಯದನ್ನು ಸುರುಳಿ ತಂತಿಗೆ ಬದಲಿಸಿದರೆ ಕಿವಿಗೆ ಹಿತ. ಆರ್ಚ್‌ಟಾಪಿಗೆ ಅದು ಸಹಜವಾಗಿ ಒಪ್ಪುವ ತಂತಿ ಕೂಡ.

ಕೆಲಸ ಮುಗಿದ ಬಳಿಕ ಬ್ರಿಡ್ಜಿನ ಹಿಂದಿನ ತಂತಿಗಳನ್ನು ಮೀಟಿ ನೋಡಿ. ಟ್ರಪೀಜಿನಲ್ಲಿದ್ದಾಗಿನ ಉದ್ದ ಈಗಿಲ್ಲ, ಹಾಗಾಗಿ ಅಲ್ಲಿ ಹೊಸ ಸ್ವರಗಳು ಮೊಳಗುತ್ತವೆ. ಕೆಲವರಿಗೆ ಆ ಮೊಳಗು ಇಷ್ಟ. ಧ್ವನಿಮುದ್ರಣದಲ್ಲಿ ಅಡ್ಡಿಯಾದರೆ ತಂತಿಗಳ ನಡುವೆ ಫೆಲ್ಟ್ ಪಟ್ಟಿಯೊಂದನ್ನು ಮೇಲೆ ಕೆಳಗೆ ಹೆಣೆಯಿರಿ. ಚೌಕಟ್ಟಿನ ತೂಕದಿಂದ ಗಿಟಾರು ಮಡಿಲಲ್ಲಿ ಕೂರುವ ರೀತಿಯೂ ಬದಲಾಗಿರುತ್ತದೆ, ಹೆಗಲಪಟ್ಟಿಯ ಉದ್ದ ಸ್ವಲ್ಪ ಸರಿಪಡಿಸಿಕೊಳ್ಳಿ.

ಒಂದು ವಾರ ನುಡಿಸಿದ ಮೇಲೆ ಕೀಲುಫಲಕದ ಸ್ಕ್ರೂಗಳನ್ನೂ ಪಟ್ಟಿಯ ಗುಂಡಿಯನ್ನೂ ಮತ್ತೊಮ್ಮೆ ಪರೀಕ್ಷಿಸಿ. ಚರ್ಮದ ಪಟ್ಟಿ ಅದುಮಿಕೊಂಡು ಕಾಲು ಸುತ್ತು ಸಡಿಲ ಸಿಗುವುದುಂಟು. ಬೇರಿಂಗ್‌ಗಳಿಗೆ ವರ್ಷಕ್ಕೊಮ್ಮೆ ತೆಳು ಎಣ್ಣೆಯ ಒಂದೊಂದು ಹನಿ ಸಾಕು, ಸ್ಪ್ರಿಂಗಿನ ಅಡಿಯ ವಾಷರಿಗೆ ಎಣ್ಣೆ ತಾಗಿಸಬೇಡಿ. ಬಿಚ್ಚಿದ ಟ್ರಪೀಜನ್ನು ಅದರ ಸ್ಕ್ರೂಗಳ ಸಮೇತ ಚೀಲಕ್ಕೆ ಹಾಕಿ ಗಿಟಾರಿನ ಪೆಟ್ಟಿಗೆಯಲ್ಲೇ ಇಡಿ.